ಮುಡಿಪು ಗುಡ್ಡದ ಮಹಾತ್ಮ: ಧರ್ಮಾಧ್ಯಕ್ಷ ಪದವಿಯನ್ನು ಒಲ್ಲದ ಸಂತ ಜೋಸೆಫ್ ವಾಜ್

ಕನ್ಯಾನ, ವಿಟ್ಲ, ಬಂಟ್ವಾಳ ಸೀಮೆಯ ಕೆಥೊಲಿಕ ಕುಟುಂಬಗಳಿಗೆ ಮುಡಿಪು ಗುಡ್ಡ ಹೊಸತಲ್ಲ. ಮಕ್ಕಳಿಲ್ಲದವರು, ಕಾಯಿಲೆಯಿಂದ ನರಳುವವರು, ಪರೀಕ್ಷೆಗೆ ಕುಳಿತುಕೊಳ್ಳುವ ಮಕ್ಕಳ ತಾಯಂದಿರು ಈ ಗುಡ್ಡವನ್ನೇರಿ ಮೊಂಬತ್ತಿ ಹಚ್ಚಿ, ಮೊಣಕಾಲೂರಿ, ಕಣ್ಣೀರಿಟ್ಟು ಮರಳುತ್ತಾರೆ. ನಮ್ಮ ಕೊಂಕಣಿ ಮಾತಿನಲ್ಲಿ ಜುಜೆ ವಾಜ್ ಎಂದೇ ಪರಿಚಿತರಾದ ಮಹಾತ್ಮರೊಬ್ಬರ ಪಾದಧೂಳಿಯಿಂದ ಪವಿತ್ರವಾದ ನೆಲವದು. ಆದರೆ ಗುಡ್ಡವನ್ನು ಬಲ್ಲಷ್ಟು ಗುಡ್ಡವನ್ನೇರಿದ ಆ ಗುರುವನ್ನು ನಾವು ಬಲ್ಲೆವೇ ಎಂಬುದು ಯೋಚಿಸಬೇಕಾದ ಮಾತು. ಪವಾಡದ ಕಥೆಯನ್ನು ಹೇಳಿ ಮುಗಿಸುವ ನಾವು, ಆ ಪವಾಡಕ್ಕಿಂತಲೂ ದೊಡ್ಡದಾದ ಅವರ ಬದುಕನ್ನು ಅನೇಕ ಸಲ ಮರೆತುಬಿಡುತ್ತೇವೆ.

ಧರ್ಮಪ್ರಚಾರಕ್ಕಾಗಿ ಜೀವ ತೇಯ್ದ ಸಂತರಲ್ಲಿ ಹಲವರು ಧರ್ಮಾಧ್ಯಕ್ಷರಾಗಿದ್ದರು. ದಂಡವನ್ನೂ ಕಿರೀಟವನ್ನೂ ಧರಿಸಿ ಮಂದೆಯನ್ನು ಮುನ್ನಡೆಸಿದರು. ಜೋಸೆಫ್ ವಾಜರ ಬಳಿಗೂ ಆ ಪದವಿ ತಾನಾಗಿ ನಡೆದು ಬಂತು. ಅವರು ಅದನ್ನು ವಿನಯದಿಂದ ಹಿಂದಕ್ಕೆ ಕಳುಹಿಸಿದರು. ಆದರೂ ಧರ್ಮಾಧ್ಯಕ್ಷನೊಬ್ಬ ಮಾಡಬೇಕಾದ ಕೆಲಸವನ್ನೆಲ್ಲ ಬರಿಗಾಲಲ್ಲಿ ನಡೆದು ಮಾಡಿ ಮುಗಿಸಿದರು. ಪದವಿಯಿಲ್ಲದೆ, ಪ್ರಭುತ್ವದ ಬೆಂಬಲವಿಲ್ಲದೆ, ಹಣವಿಲ್ಲದೆ ಒಂದು ಧರ್ಮಸಭೆಯನ್ನು ಸಾವಿನ ಬಾಯಿಯಿಂದ ಹಿಂದಕ್ಕೆ ತಂದ ಈ ಪುಣ್ಯಪುರುಷರ ಕಾರ್ಯಕ್ಕೆ ಮೊದಲ ತಾಲೀಮು ನಡೆದದ್ದು ನಮ್ಮದೇ ಕನ್ನಡ ಕರಾವಳಿಯಲ್ಲಿ ಎಂಬುದು ನಮಗೆ ಹೆಮ್ಮೆಯ ವಿಷಯ. ಹೆಮ್ಮೆಯ ಜೊತೆಗೆ ಹೊಣೆಯ ವಿಷಯವೂ ಹೌದು.

ಗೋವೆಯ ಮಣ್ಣಿನ ಮಗ

ಜೋಸೆಫ್ ವಾಜ್ ಜನಿಸಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಸಾಸಷ್ಟಿ ಸೀಮೆಯ ಬಾಣಾವಳಿ ಗ್ರಾಮದಲ್ಲಿ. ಅದು ಅವರ ತಾಯಿಯ ತವರೂರು. ತಂದೆ ಕ್ರಿಸ್ತೊವಾಂ ವಾಜ್ ಸಾಂಕವಾಳದವರು, ತಾಯಿ ಮಾರಿಯಾ ದೆ ಮಿರಾಂದಾ. ಆರು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ಬಾಣಾವಳಿಯ ಸ್ನಾನಿಕ ಯೊವಾನ್ನರ ಇಗರ್ಜಿಯಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. ದೈವಭಕ್ತಿ ತುಂಬಿದ ಕೊಂಕಣಿ ಮನೆತನದಲ್ಲಿ ಬೆಳೆದ ಬಾಲಕ ಆಟದ ವೇಳೆಯಲ್ಲಿಯೂ ಇಗರ್ಜಿಯ ಕಡೆಗೆ ಮುಖ ಮಾಡುತ್ತಿದ್ದನೆಂದು ಅವರ ಚರಿತ್ರಕಾರರು ಬರೆದಿದ್ದಾರೆ.

ಸಾಂಕವಾಳದಲ್ಲಿ ಪೋರ್ತುಗೀಸ್ ಭಾಷೆಯನ್ನೂ ಬಾಣಾವಳಿಯಲ್ಲಿ ಲ್ಯಾಟಿನ್ ಭಾಷೆಯನ್ನೂ ಕಲಿತ ಅವರು ಹೆಚ್ಚಿನ ವಿದ್ಯೆಗಾಗಿ ಹಳೆ ಗೋವೆಗೆ ತೆರಳಿದರು. ಅಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿ ಸಾಹಿತ್ಯವನ್ನೂ, ದೊಮಿನಿಕನ್ ಗುರುಗಳ ವಿದ್ಯಾಲಯದಲ್ಲಿ ತತ್ವಶಾಸ್ತ್ರ ಮತ್ತು ದೈವಶಾಸ್ತ್ರವನ್ನೂ ಅಭ್ಯಸಿಸಿದರು. 1676ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಗುರುದೀಕ್ಷೆ ಪಡೆದರು. ಬಡವರಂತೆ ತಾವೂ ಬಾಳಬೇಕೆಂಬ ಹಂಬಲದಿಂದ ಪಾದರಕ್ಷೆಯನ್ನು ತ್ಯಜಿಸಿ ಬರಿಗಾಲಲ್ಲಿ ನಡೆಯತೊಡಗಿದರು. ಸಾಂಕವಾಳದಲ್ಲಿ ಹುಡುಗರಿಗಾಗಿ ಲ್ಯಾಟಿನ್ ಶಾಲೆಯೊಂದನ್ನು ತೆರೆದರು. ಉತ್ತಮ ಪ್ರವಚನಕಾರರೆಂದೂ, ಪಾಪನಿವೇದನೆ ಕೇಳುವುದರಲ್ಲಿ ಕರುಣಾಳುವೆಂದೂ ಬೇಗನೆ ಹೆಸರಾದರು.

1677ರ ಆಗಸ್ಟ್ 5ರಂದು ಅವರು ತಮ್ಮನ್ನು ಮರಿಯ ಮಾತೆಯ ದಾಸನೆಂದು ಅರ್ಪಿಸಿಕೊಂಡು ದಾಸ್ಯಪತ್ರವೊಂದನ್ನು ಬರೆದು ರುಜು ಹಾಕಿದರು. ಆ ಕಾಲದಲ್ಲಿ ಗುಲಾಮಗಿರಿ ಕಣ್ಣೆದುರಿನ ಕ್ರೂರ ವಾಸ್ತವವಾಗಿತ್ತು. ಕುಲೀನ ಮನೆತನದ ವಿದ್ಯಾವಂತ ಗುರುವೊಬ್ಬ ತನ್ನನ್ನು ದಾಸನೆಂದು ಕರೆದುಕೊಂಡದ್ದು ಬರಿಯ ಭಾವುಕ ಮಾತಾಗಿರಲಿಲ್ಲ. ಮುಂದಿನ ಅವರ ಬಾಳೆಲ್ಲ ಆ ಪತ್ರಕ್ಕೆ ಬರೆದ ಭಾಷ್ಯದಂತಿದೆ.

ಸಿಂಹಳದ ಕರೆ

ಅದೇ ಕಾಲಕ್ಕೆ ಸಿಂಹಳದ್ವೀಪದಿಂದ, ಅಂದರೆ ಇಂದಿನ ಶ್ರೀಲಂಕೆಯಿಂದ, ನೋವಿನ ವಾರ್ತೆಗಳು ಗೋವೆಗೆ ಬರುತ್ತಿದ್ದವು. 1656ರಲ್ಲಿ ಕೊಲಂಬೊ ನಗರವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ತುಗೀಸರಿಂದ ಕಸಿದುಕೊಂಡಿದ್ದ ಡಚ್ಚರು ಕ್ಯಾಲ್ವಿನ್ ಪಂಥದವರು. ಅವರು ಕೆಥೊಲಿಕ ಗುರುಗಳನ್ನು ಹೊರದೂಡಿ, ಅವರಿಗೆ ಆಶ್ರಯ ಕೊಡುವುದನ್ನೇ ಅಪರಾಧವೆಂದು ಸಾರಿದ್ದರು. ಇಗರ್ಜಿಗಳು ಡಚ್ಚರ ಪಾಲಾಗಿದ್ದವು. ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ, ಸಾಯುವವರ ತಲೆದೆಸೆಯಲ್ಲಿ ಗುರುವಿಲ್ಲದೆ ಒಂದು ತಲೆಮಾರು ಕಳೆಯುತ್ತಿತ್ತು. ಈ ಸುದ್ದಿ ಯುವ ಗುರುವಿನ ನಿದ್ದೆಗೆಡಿಸಿತು. ತಮ್ಮನ್ನು ಅಲ್ಲಿಗೆ ಕಳುಹಿಸಬೇಕೆಂದು ಅವರು ಮೇಲಧಿಕಾರಿಗಳನ್ನು ಬೇಡಿಕೊಂಡರು. ಆದರೆ ಅಧಿಕಾರಿಗಳ ಆಜ್ಞೆ ಬೇರೆಯೇ ಆಗಿತ್ತು. ಆಗ ಆರ್ಚ್‌ಬಿಷಪರಿಲ್ಲದೆ ತೆರವಾಗಿದ್ದ ಗೋವೆಯ ಪೀಠದ ಆಡಳಿತ ನೋಡುತ್ತಿದ್ದ ಗುರುಮಂಡಲಿಯು 1681ರಲ್ಲಿ ಅವರನ್ನು ಕನ್ನಡ ಜಿಲ್ಲೆಯ ಧರ್ಮಪ್ರಚಾರ ಕ್ಷೇತ್ರದ ಮುಖ್ಯಸ್ಥರನ್ನಾಗಿ ನೇಮಿಸಿತು. ಬಯಸಿದ್ದು ಸಿಂಹಳ, ದೊರೆತದ್ದು ಕನ್ನಡ ಕರಾವಳಿ. ವಿಧೇಯತೆಯೇ ದೇವರ ಚಿತ್ತವೆಂದು ನಂಬಿದ್ದ ಅವರು ಮರುಮಾತಿಲ್ಲದೆ ಹೊರಟರು.

ಒಡೆದ ಮನೆಯಂತಿದ್ದ ನಮ್ಮ ಕರಾವಳಿ

ಆಗ ಕೆಳದಿಯ ಗದ್ದುಗೆಯಲ್ಲಿ ರಾಣಿ ಚೆನ್ನಮ್ಮ ಆಳುತ್ತಿದ್ದಳು. ಅವಳಿಗಿಂತ ಮೊದಲು, 1650ರ ದಶಕದಲ್ಲಿ, ಶಿವಪ್ಪ ನಾಯಕನು ಮಂಗಳೂರು, ಬಸ್ರೂರು, ಗಂಗೊಳ್ಳಿ, ಹೊನ್ನಾವರಗಳಲ್ಲಿದ್ದ ಪೋರ್ತುಗೀಸರ ಬಲವನ್ನು ಮುರಿದಿದ್ದನು. ಗೋವೆಯಿಂದ ವಲಸೆ ಬಂದು ಈ ನಾಡಿನಲ್ಲಿ ಬೇಸಾಯ ಹಿಡಿದಿದ್ದ ಕೊಂಕಣಿ ಕ್ರೈಸ್ತರು ಹಳ್ಳಿಹಳ್ಳಿಗಳಲ್ಲಿ ಚದುರಿಹೋಗಿದ್ದರು. ಇಗರ್ಜಿಗಳು ಬೆರಳೆಣಿಕೆಯಷ್ಟು, ಗುರುಗಳು ಅದಕ್ಕಿಂತ ಕಡಿಮೆ.

ಗುರುಗಳ ಕೊರತೆಗಿಂತಲೂ ದೊಡ್ಡ ಗಾಯ ಮತ್ತೊಂದಿತ್ತು. ಈ ನಾಡಿನ ಧರ್ಮಸಭೆಯ ಮೇಲೆ ಅಧಿಕಾರ ಯಾರದು ಎಂಬ ವ್ಯಾಜ್ಯವದು. ಪೋಪರು ಹಿಂದೆ ನೀಡಿದ್ದ ಹಕ್ಕಿನಂತೆ ಪೂರ್ವದೇಶಗಳ ಧರ್ಮಸಭೆಯ ಪೋಷಣೆ ಮತ್ತು ಧರ್ಮಾಧ್ಯಕ್ಷರ ಆಯ್ಕೆ ಪೋರ್ತುಗಲ್ಲಿನ ಅರಸನಿಗೆ ಸೇರಿತ್ತು. ಇದನ್ನೇ ಪದ್ರುವಾದೊ ಎಂದು ಕರೆಯುತ್ತಿದ್ದರು. ಆದರೆ ಪೋರ್ತುಗೀಸರ ಬಲ ಕುಗ್ಗಿದಾಗ ರೋಮಿನಲ್ಲಿ 1622ರಲ್ಲಿ ಸ್ಥಾಪನೆಯಾಗಿದ್ದ ಧರ್ಮಪ್ರಚಾರ ಸಂಸ್ಥೆಯು ನೇರವಾಗಿ ತನ್ನ ಪ್ರತಿನಿಧಿಗಳನ್ನು ಕಳುಹಿಸತೊಡಗಿತು. ಹಾಗೆ ಕನ್ನಡ ಜಿಲ್ಲೆಗೆ ಬಂದವರು ಬಿಷಪ್ ತೋಮಾಸ್ ದೆ ಕಾಸ್ತ್ರೊ. ಅವರೂ ಗೋವೆಯ ಮಣ್ಣಿನವರೇ, ಥಿಯಾಟೈನ್ ಸಭೆಯ ಗುರು. ಗೋವೆಯ ಅಧಿಕಾರಿಗಳು ಅವರನ್ನು ಒಪ್ಪಲಿಲ್ಲ, ಅವರು ಗೋವೆಯ ಅಧಿಕಾರವನ್ನು ಒಪ್ಪಲಿಲ್ಲ. ಒಂದು ಕಡೆಯ ಗುರು ಕೊಟ್ಟ ಸಂಸ್ಕಾರ ಸಿಂಧುವಲ್ಲವೆಂದು ಮತ್ತೊಂದು ಕಡೆಯವರು ಹೇಳುವ ಸ್ಥಿತಿ ಬಂತು. ತಾನು ಆದ ಮದುವೆ ಮದುವೆಯೋ ಅಲ್ಲವೋ, ತನ್ನ ಪಾಪಕ್ಕೆ ಕ್ಷಮೆ ಸಿಕ್ಕಿತೋ ಇಲ್ಲವೋ ಎಂಬ ಶಂಕೆಯಲ್ಲಿ ಬಡ ಒಕ್ಕಲುಮಕ್ಕಳು ತೊಳಲಾಡಿದರು. ದೊಡ್ಡವರ ಜಗಳದಲ್ಲಿ ಮಕ್ಕಳು ಹಸಿದು ಮಲಗಿದ ಮನೆಯಂತಾಗಿತ್ತು ನಮ್ಮ ಧರ್ಮಸಭೆ.

ಜೋಸೆಫ್ ವಾಜ್ ಬಂದದ್ದು ಗೋವೆಯ ಪಕ್ಷದ ಪ್ರತಿನಿಧಿಯಾಗಿ. ವಾದ ಹೂಡಿ ಎದುರಾಳಿಯನ್ನು ಮಣಿಸುವುದು ಅವರಿಂದ ನಿರೀಕ್ಷಿಸಿದ್ದ ಕೆಲಸ. ಅವರು ಮಾಡಿದ್ದು ಬೇರೆ. ಬಿಷಪ್ ಕಾಸ್ತ್ರೊ ಅವರನ್ನು ಕಾಣಲು ತಾವೇ ಹೋದರು. ಧರ್ಮಾಧ್ಯಕ್ಷನೊಬ್ಬನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದರು. ತಮ್ಮನ್ನು ಕಳುಹಿಸಿದವರಿಗೆ ವಿಧೇಯರಾಗಿದ್ದುಕೊಂಡೇ, ದೊಡ್ಡವರ ತೀರ್ಮಾನವಾಗುವ ತನಕ ಜನರು ಸಂಸ್ಕಾರಗಳಿಂದ ವಂಚಿತರಾಗಬಾರದೆಂಬ ಒಂದೇ ನಿಲುವಿಗೆ ಅಂಟಿಕೊಂಡರು. ವ್ಯಾಜ್ಯ ಅವರ ಕಾಲದಲ್ಲಿ ಪೂರ್ಣವಾಗಿ ಮುಗಿಯಲಿಲ್ಲ. ಅದರ ಬೇರುಗಳು ಲಿಸ್ಬನ್ ಮತ್ತು ರೋಮಿನಲ್ಲಿದ್ದವು. ಆದರೆ ಅದರ ವಿಷ ಇಳಿಯಿತು, ಕಾವು ತಣ್ಣಗಾಯಿತು.

ಆ ಮೂರು ವರ್ಷ ಅವರು ಮಂಗಳೂರು, ಮೂಲ್ಕಿ, ಕಲ್ಯಾಣಪುರ, ಬಾರ್ಕೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ, ಹೊನ್ನಾವರಗಳ ನಡುವೆ ಸಂಚರಿಸಿದರು. ನದಿಗಳಿಗೆ ಸೇತುವೆಯಿಲ್ಲದ, ಮಳೆಗಾಲದಲ್ಲಿ ಊರಿಂದೂರಿಗೆ ಸಂಪರ್ಕವೇ ಕಡಿದುಹೋಗುತ್ತಿದ್ದ ಕಾಲವದು. ಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಸಣ್ಣ ಶಾಲೆಗಳನ್ನು ತೆರೆದರು, ಭಕ್ತಸಂಘಗಳನ್ನು ಕಟ್ಟಿದರು, ಮನೆಮನೆಗೆ ಹೋಗಿ ಸಂಜೆಯ ಜಪಸರವನ್ನು ಕಲಿಸಿದರು. ಗುರುಗಳು ತಿಂಗಳುಗಟ್ಟಲೆ ಬಾರದ ಊರಿನಲ್ಲಿ ವಿಶ್ವಾಸವನ್ನು ಕಾಯುವುದು ಮನೆಯ ದೀಪ ಮತ್ತು ಮನೆಯವರ ಪ್ರಾರ್ಥನೆ ಎಂಬ ಪಾಠವನ್ನು ಅವರು ಇಲ್ಲಿಯೇ ಕಲಿತರೆಂದು ಭಾವಿಸಲು ಕಾರಣವಿದೆ. ಮುಂದೆ ಸಿಂಹಳದಲ್ಲಿ ಅವರನ್ನು ಗೆಲ್ಲಿಸಿದ್ದು ಇದೇ ಪಾಠ.

ಗುಡ್ಡದ ಮೇಲಣ ಆ ರಾತ್ರಿ

ಮುಡಿಪು ಗುಡ್ಡದ ಘಟನೆ ಈ ಕಾಲಕ್ಕೆ ಸೇರಿದ್ದು. ನಮ್ಮ ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಐತಿಹ್ಯವಿದು. ಗುರುಗಳ ಮೇಲೆ ದ್ವೇಷ ಕಟ್ಟಿಕೊಂಡ ಕೆಲವರು ಒಂದು ರಾತ್ರಿ ಬಂದು, ರೋಗಿಯೊಬ್ಬ ಸಾವಿನ ದವಡೆಯಲ್ಲಿದ್ದಾನೆಂದು ಹೇಳಿ ಅವರನ್ನು ಕರೆದರಂತೆ. ರೋಗಿ ಎಂಬ ಮಾತು ಕೇಳಿದ ಮೇಲೆ ಹೊತ್ತುಗೊತ್ತು ನೋಡುವವರಲ್ಲ ಅವರು. ಕತ್ತಲಲ್ಲಿ ಕಾಡುದಾರಿ ಹಿಡಿದು ಗುಡ್ಡವನ್ನೇರಿದಾಗ ಅಲ್ಲಿ ರೋಗಿಯೂ ಇರಲಿಲ್ಲ, ಮನೆಯೂ ಇರಲಿಲ್ಲ. ಕರೆತಂದವರ ಉದ್ದೇಶ ಅವರಿಗೆ ತಿಳಿಯಿತು. ಓಡಲು ನೋಡದೆ, ಬೈಯದೆ, ಬಂಡೆಯ ಮೇಲೆ ಮೊಣಕಾಲೂರಿ ಪ್ರಾರ್ಥನೆಯಲ್ಲಿ ಮುಳುಗಿದರು. ಬಂಡೆಯಲ್ಲಿ ಅವರ ಮೊಣಕಾಲುಗಳ ಗುರುತು ಮೂಡಿತು. ಊರುಗೋಲು ತಗುಲಿದ ಕಡೆ ನೀರು ಚಿಮ್ಮಿತು. ಕೊಲ್ಲಬಂದವರು ಬೆದರಿ ಕಾಲ್ತೆಗೆದರು. ಇದು ಐತಿಹ್ಯದ ಸಾರ.

ಇದನ್ನು ಇತಿಹಾಸದ ತಕ್ಕಡಿಯಲ್ಲಿ ತೂಗುವುದು ನಮ್ಮ ಕೆಲಸವಲ್ಲ. ಆದರೆ ಕಥೆಯಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅವರನ್ನು ಸಾವಿನ ಗುಡ್ಡಕ್ಕೆ ಕರೆದೊಯ್ದದ್ದು ಅವರ ಒಳ್ಳೆಯತನವೇ. ರೋಗಿಯೆಂದರೆ ಈ ಗುರು ಬಾರದೆ ಇರಲಾರ ಎಂಬ ಭರವಸೆ ಶತ್ರುಗಳಿಗೂ ಇತ್ತು. ಗುರುವೊಬ್ಬನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇರೆ ಯಾವುದಿದೆ?

ನಾಡಿನ ಗುರುಗಳದೇ ಒಂದು ಸಭೆ

1684ರಲ್ಲಿ ಅವರು ಗೋವೆಗೆ ಮರಳಿದರು. ಆ ಕಾಲದಲ್ಲಿ ಯುರೋಪಿನಿಂದ ಬಂದಿದ್ದ ಸನ್ಯಾಸಿ ಸಭೆಗಳ ಬಾಗಿಲು ನಾಡಿನ ಗುರುಗಳಿಗೆ ಮುಚ್ಚಿತ್ತು. ವಿದ್ಯೆಯಲ್ಲಿ, ಶೀಲದಲ್ಲಿ ಯಾರಿಗೂ ಕಡಿಮೆಯಿಲ್ಲದ ಗೋವೆಯ ಗುರುಗಳು ಎರಡನೆಯ ದರ್ಜೆಯವರಾಗಿ ಉಳಿಯಬೇಕಾಗಿತ್ತು. ಅವರಲ್ಲಿ ಕೆಲವರು ಹಳೆ ಗೋವೆಯ ಪವಾಡಗಳ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಕೂಡಿ ಬಾಳತೊಡಗಿದ್ದರು. 1685ರ ಸೆಪ್ಟೆಂಬರಿನಲ್ಲಿ ಜೋಸೆಫ್ ವಾಜ್ ಈ ಪುಟ್ಟ ಕೂಟವನ್ನು ಸೇರಿದರು. ಅವರನ್ನೇ ಎಲ್ಲರೂ ಹಿರಿಯನನ್ನಾಗಿ ಆರಿಸಿದರು. ಸಂತ ಫಿಲಿಪ್ ನೇರಿಯವರ ನಿಯಮವನ್ನು ಅನುಸರಿಸಿದ ಈ ಕೂಟವೇ ಗೋವೆಯ ಒರೇಟರಿ ಸಭೆಯಾಗಿ ಬೆಳೆಯಿತು. ಭಾರತೀಯ ಗುರುಗಳಿಂದ, ಭಾರತೀಯ ಗುರುಗಳಿಗಾಗಿ ರೂಪುಗೊಂಡ ಈ ಸಭೆಯಿಂದಲೇ ಮುಂದೆ ಒಂದೂವರೆ ಶತಮಾನದಷ್ಟು ಕಾಲ ಸಿಂಹಳಕ್ಕೆ ಗುರುಗಳು ಹೋಗುತ್ತಿದ್ದರು.

ಹಿರಿಯನ ಪೀಠದಲ್ಲಿ ಕುಳಿತಿದ್ದರೂ ಅವರ ಮನಸ್ಸು ಸಿಂಹಳದಲ್ಲಿತ್ತು. 1686ರಲ್ಲಿ ಸದ್ದಿಲ್ಲದೆ ಹೊರಟರು. ಜೊತೆಯಲ್ಲಿದ್ದವನು ಮನೆಯ ಸೇವಕ ಜೊವಾಂವ್. ಒಡೆಯನೂ ಸೇವಕನೂ ಒಂದೇ ಅನ್ನ ಉಂಡು, ಒಂದೇ ಚಾಪೆಯಲ್ಲಿ ಮಲಗಿ, ಒಂದೇ ಸಾವಿನ ಭಯವನ್ನು ಹಂಚಿಕೊಂಡು ನಡೆದ ಕಥೆ ನಮ್ಮ ಕಾಲದ ಮನೆಗಳಿಗೂ ಒಂದು ಪಾಠ. ಕನ್ನಡ ಕರಾವಳಿಯಲ್ಲಿ ಹಳೆಯ ಮಂದೆಯನ್ನು ಮತ್ತೊಮ್ಮೆ ಕಂಡು, ಮಲಬಾರನ್ನು ದಾಟಿ, ತೂತುಕುಡಿ ತಲುಪಿ ತಮಿಳು ಕಲಿತರು. ಗುರುವಿನ ನಿಲುವಂಗಿಯನ್ನು ಕಳಚಿ ಕೂಲಿಯವನ ಬಟ್ಟೆ ತೊಟ್ಟರು.

ಕೊರಳಲ್ಲಿ ಜಪಸರ ತೊಟ್ಟ ಭಿಕ್ಷುಕ

1687ರಲ್ಲಿ ಅವರು ಜಾಫ್ನಾ ಮುಟ್ಟಿದಾಗ ಜೀವ ಹಿಡಿದುಕೊಂಡು ನಿಲ್ಲುವ ಶಕ್ತಿಯೂ ಇರಲಿಲ್ಲ. ಕಷ್ಟದ ಕಡಲಯಾನದ ಜೊತೆಗೆ ರಕ್ತಭೇದಿ ಅಂಟಿಕೊಂಡಿತ್ತು. ಅಂಟುರೋಗದ ಭಯದಿಂದ ಜನ ದೂರ ಸರಿದರು. ಸೇವಕ ಜೊವಾಂವನೂ ಕಾಯಿಲೆ ಬಿದ್ದನು. ದಯಾಳು ಹೆಣ್ಣುಮಗಳೊಬ್ಬಳು ತಂದುಕೊಟ್ಟ ಗಂಜಿ ಇಬ್ಬರ ಪ್ರಾಣ ಉಳಿಸಿತು. ಒಂದು ದೇಶದ ಧರ್ಮಸಭೆಯ ಪುನರುತ್ಥಾನ ಒಂದು ಬಟ್ಟಲು ಗಂಜಿಯಿಂದ ಆರಂಭವಾಯಿತು ಎಂದರೆ ಅತಿಶಯವಲ್ಲ.

ಚೇತರಿಸಿಕೊಂಡ ಮೇಲೆ ಎದ್ದ ಪ್ರಶ್ನೆ, ಕೆಥೊಲಿಕರನ್ನು ಗುರುತಿಸುವುದು ಹೇಗೆ ಎಂಬುದು. ಬಾಯಿ ಬಿಟ್ಟು ಕೇಳಿದರೆ ಡಚ್ಚರ ಕೈಗೆ ಸಿಕ್ಕುವ ಭಯ. ಅವರು ಕೊರಳಿಗೆ ಜಪಸರ ಹಾಕಿಕೊಂಡು ಭಿಕ್ಷೆ ಬೇಡುತ್ತ ಬೀದಿಬೀದಿ ಅಲೆದರು. ಕೆಲವರು ನೋಡಿಯೂ ನೋಡದಂತಿದ್ದರು. ಕೆಲವರ ಕಣ್ಣು ಆ ಮಣಿಗಳ ಮೇಲೆ ತಡೆದು ನಿಂತಿತು. ಹಾಗೆ ಒಬ್ಬರಿಂದೊಬ್ಬರಿಗೆ ವಿಷಯ ತಿಳಿದು, ಮೂವತ್ತು ವರ್ಷಗಳಿಂದ ಗುರುವನ್ನು ಕಾಣದ ಜನ ಭಿಕ್ಷುಕನ ವೇಷದಲ್ಲಿದ್ದ ಗುರುವಿನ ಕಾಲಿಗೆರಗಿದರು. ಸಿಲ್ಲಾಲೆ ಎಂಬ ಗ್ರಾಮ ಅವರ ನೆಲೆಯಾಯಿತು. ರಾತ್ರಿ ಬಲಿಪೂಜೆ, ನಸುಕಿಗೆ ಮುನ್ನ ಬೇರೆ ಊರಿಗೆ ಪಯಣ. ಇದು ಅವರ ದಿನಚರಿ.

1689ರ ಕ್ರಿಸ್ಮಸ್ ರಾತ್ರಿ ಪೂಜೆಗೆ ನೆರೆದಿದ್ದ ಭಕ್ತರ ಮೇಲೆ ಡಚ್ಚ್ ಸೈನಿಕರು ಜಾಫ್ನಾದಲ್ಲಿ ಎರಗಿದರು. ಸುಮಾರು 300 ಮಂದಿಯನ್ನು ಸೆರೆಹಿಡಿದರು. ಹಲವರಿಗೆ ದಂಡ, ಹಲವರಿಗೆ ಸೆರೆ. ಡಚ್ಚರ ಪಂಥವನ್ನು ಬಿಟ್ಟು ಕೆಥೊಲಿಕನಾಗಿದ್ದ ದೊನ್ ಪೆದ್ರೊ ಏಟು ತಿಂದು ಪ್ರಾಣ ಬಿಟ್ಟನು. ಗುರುಗಳು ಮಾತ್ರ ಕೈಗೆ ಸಿಗಲಿಲ್ಲ. ತಮ್ಮಿಂದಾಗಿ ಜನ ನೋಯುವುದನ್ನು ಕಂಡ ಅವರ ಎದೆ ಎಷ್ಟು ಬೆಂದಿರಬಹುದು ಎಂಬುದನ್ನು ಓದುಗರು ಊಹಿಸಬಹುದು.

ಕ್ಯಾಂಡಿಯ ಸೆರೆಮನೆಯಿಂದ ಅರಮನೆಗೆ

1690ರಲ್ಲಿ ಅವರು ಪುತ್ತಳಂಗೆ ಬಂದರು. ಅದು ಡಚ್ಚರ ವಶದಲ್ಲಿರದ ಕ್ಯಾಂಡಿ ರಾಜ್ಯಕ್ಕೆ ಸೇರಿತ್ತು. 1692ರಲ್ಲಿ ರಾಜಧಾನಿ ಕ್ಯಾಂಡಿಗೆ ಹೊರಟಾಗ ಪೋರ್ತುಗೀಸರ ಗೂಢಚಾರನೆಂಬ ಆರೋಪ ಬಿತ್ತು. ಅರಸ ಎರಡನೆಯ ವಿಮಲಧರ್ಮಸೂರ್ಯ ಬೌದ್ಧ ಧರ್ಮೀಯನು. ಅವನ ಆಜ್ಞೆಯಂತೆ ಗುರುವೂ ಸೇವಕನೂ ಸೆರೆಯಾದರು. ಸೆರೆಯನ್ನೇ ಅವರು ಪಾಠಶಾಲೆ ಮಾಡಿಕೊಂಡು ಸಿಂಹಳ ಭಾಷೆ ಕಲಿತರು. ಕ್ರಮೇಣ ಕಾವಲು ಸಡಿಲವಾಯಿತು. ಸೋಗೆಯ ಪುಟ್ಟ ಪ್ರಾರ್ಥನಾಲಯವೊಂದು ಎದ್ದಿತು.

ಒಮ್ಮೆ ರಾಜ್ಯದಲ್ಲಿ ಭೀಕರ ಬರ ಬಂತು. ಬೆಳೆ ಒಣಗಿತು, ಜನ ಕಂಗಾಲಾದರು. ಅರಸನ ಕೋರಿಕೆಯಂತೆ ಜೋಸೆಫ್ ವಾಜ್ ಬಯಲಿನಲ್ಲಿ ಪೀಠ ಕಟ್ಟಿ ಶಿಲುಬೆ ಇರಿಸಿ ಪ್ರಾರ್ಥಿಸಿದಾಗ ಧಾರಾಕಾರ ಮಳೆ ಸುರಿಯಿತೆಂದೂ, ಅವರು ಮಾತ್ರ ನೆನೆಯಲಿಲ್ಲವೆಂದೂ ಸಿಂಹಳದ ಕೆಥೊಲಿಕರು ಇಂದಿಗೂ ಸ್ಮರಿಸುತ್ತಾರೆ. ಅಂದಿನಿಂದ ಅರಸನು ಅವರಿಗೆ ರಾಜ್ಯದಲ್ಲೆಲ್ಲ ಸಂಚರಿಸಿ ಬೋಧಿಸುವ ಸ್ವಾತಂತ್ರ್ಯ ಕೊಟ್ಟನು. ಕ್ರೈಸ್ತರೆಂದು ಹೇಳಿಕೊಳ್ಳುವ ಆಡಳಿತ ಬೇಟೆಯಾಡಿದ ಗುರುವಿಗೆ ಬೌದ್ಧ ಅರಸನೊಬ್ಬ ನೆರಳಾದ ಈ ಸಂಗತಿ ಮನನೀಯವಾದುದು. ಅನ್ಯ ಧರ್ಮದವರ ನಡುವೆ ಬಾಳುವ ನಮಗೆ ಇದು ಕೃತಜ್ಞತೆಯ ಪಾಠವೂ ಹೌದು.

ಗೋವೆಯಿಂದ ಜೊತೆಗಾರ ಗುರುಗಳು ಬಂದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅರಸನೂ ಉಳ್ಳವರೂ ನಗರವನ್ನು ತೊರೆದರು. ಸ್ವಂತ ಮನೆಯವರೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದರು. ಆಗ ಊರಲ್ಲಿ ಉಳಿದವರು ಜೋಸೆಫ್ ವಾಜ್ ಮತ್ತು ಅವರ ಜೊತೆಗಾರ ಜೋಸೆಫ್ ಕಾರ್ವಾಲ್ಯೊ. ಗುಡಿಸಲು ಕಟ್ಟಿ ರೋಗಿಗಳನ್ನು ಹೊತ್ತು ತಂದರು. ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ತಮ್ಮ ಕೈಯಾರೆ ಹೂಳಿದರು. ರೋಗಿ ಕ್ರೈಸ್ತನೋ ಬೌದ್ಧನೋ ಎಂದು ಕೇಳಲಿಲ್ಲ. ಹತ್ತು ವರ್ಷಗಳ ಹಿಂದೆ ಜಾಫ್ನಾದಲ್ಲಿ ತಮಗೆ ಸಿಕ್ಕಿದ ಗಂಜಿಯ ಋಣವನ್ನು ಅವರು ಕ್ಯಾಂಡಿಯಲ್ಲಿ ತೀರಿಸಿದರು ಎನ್ನಬಹುದು.

ಇದರ ನಡುವೆಯೇ ಡಚ್ಚರ ವಶದಲ್ಲಿದ್ದ ಪ್ರದೇಶಗಳಿಗೂ ವೇಷ ಮರೆಸಿಕೊಂಡು ಹೋಗಿಬರುತ್ತಿದ್ದರು. ಪ್ರತಿ ಊರಿನಲ್ಲಿಯೂ ಗೃಹಸ್ಥರಲ್ಲಿ ನಂಬಿಗಸ್ತರನ್ನು ಆರಿಸಿ ಮುಖಂಡರನ್ನಾಗಿ ನಿಲ್ಲಿಸಿದರು. ಮೂಪ್ಪು ಎಂಬ ಹಿರಿಯನು ಸಮುದಾಯವನ್ನು ನೋಡಿಕೊಳ್ಳುವವನು, ಅಣ್ಣಾವಿ ಎಂಬವನು ಪ್ರಾರ್ಥನೆ ನಡೆಸಿ ಮಕ್ಕಳಿಗೆ ಧರ್ಮೋಪದೇಶ ಕಲಿಸುವವನು. ನಮ್ಮ ಇಗರ್ಜಿಗಳ ವಾಳೆಯ ಗುರ್ಕಾರರನ್ನು ನೆನಪಿಗೆ ತರುವ ಏರ್ಪಾಡಿದು. ಗುರು ವರ್ಷಕ್ಕೊಮ್ಮೆ ಬಂದರೂ ವಿಶ್ವಾಸ ಒಣಗದಂತೆ ಇವರು ಕಾದರು. ಜಪ, ಧರ್ಮೋಪದೇಶಗಳನ್ನು ಜನರ ಭಾಷೆಯಾದ ತಮಿಳು ಮತ್ತು ಸಿಂಹಳಕ್ಕೆ ತಂದರು. 1705ರಲ್ಲಿ ಗೋವೆಯಿಂದ ಬಂದ ಜಾಕೊಮೆ ಗೊನ್ಸಾಲ್ವಿಸ್ ಗುರುಗಳು ಈ ಕೆಲಸವನ್ನು ಬಹು ಎತ್ತರಕ್ಕೆ ಕೊಂಡೊಯ್ದು ಸಿಂಹಳ ಕೆಥೊಲಿಕ ಸಾಹಿತ್ಯದ ಪಿತಾಮಹರೆನಿಸಿದರು.

ಬಂದ ಪದವಿ, ಬೇಡವೆಂದ ಮನಸ್ಸು

ಕೊಚ್ಚಿಯ ಧರ್ಮಾಧ್ಯಕ್ಷರು ಅವರನ್ನು ಸಿಂಹಳಕ್ಕೆ ತಮ್ಮ ವಿಕಾರ್ ಜನರಲ್ ಆಗಿ ನೇಮಿಸಿದ್ದರು. ವಿಧೇಯತೆಯಿಂದ ಅದನ್ನು ಅವರು ಹೊತ್ತರು. ಮುಂದೆ, 18ನೆಯ ಶತಮಾನದ ಮೊದಲ ವರ್ಷಗಳಲ್ಲಿ, ಪೋಪರ ರಾಯಭಾರಿಯಾಗಿ ಪಾಂಡಿಚೇರಿಗೆ ಬಂದಿದ್ದ ಮಾಯಾರ್ ದೆ ತುರ್ನೊನ್ ಅವರು ಸಿಂಹಳದ ವೃತ್ತಾಂತ ಕೇಳಿ ಬೆರಗಾದರು. ಸಿಂಹಳಕ್ಕೆ ಜೋಸೆಫ್ ವಾಜರನ್ನೇ ಧರ್ಮಾಧ್ಯಕ್ಷರನ್ನಾಗಿ ಮಾಡುವ ಆಲೋಚನೆ ಅವರದು. ನಾಡಿನ ಗುರುವೊಬ್ಬನಿಗೆ ಇಂಥ ಗೌರವ ಅಪರೂಪದಲ್ಲಿ ಅಪರೂಪ. ಜೋಸೆಫ್ ವಾಜ್ ಅದನ್ನು ಒಪ್ಪಿಕೊಳ್ಳಲಿಲ್ಲ.

ಇದು ಬರಿಯ ಸಂಕೋಚವೆಂದು ತಿಳಿಯಬೇಕಾಗಿಲ್ಲ. ಕನ್ನಡ ಕರಾವಳಿಯಲ್ಲಿ ಅಧಿಕಾರದ ವ್ಯಾಜ್ಯ ಏನು ಮಾಡಬಲ್ಲದೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಸಿಂಹಳದಲ್ಲಿ ಹೊಸ ಪೀಠವೆಂದರೆ ಗೋವೆ, ಕೊಚ್ಚಿ, ಲಿಸ್ಬನ್, ರೋಮುಗಳ ನಡುವೆ ಮತ್ತೊಂದು ಹಗ್ಗಜಗ್ಗಾಟಕ್ಕೆ ದಾರಿಯಾಗುತ್ತಿತ್ತು. ಎಳೆಯ ಸಸಿಯಂತಿದ್ದ ಆ ಸಭೆ ಅದನ್ನು ತಾಳಿಕೊಳ್ಳುತ್ತಿತ್ತೇ ಎಂಬುದು ಸಂದೇಹ. ಮೇಲಾಗಿ, ಮರಿಯ ಮಾತೆಗೆ ದಾಸ್ಯಪತ್ರ ಬರೆದುಕೊಟ್ಟವರು ಅವರು. ದಾಸನ ತಲೆಗೆ ಕಿರೀಟ ಒಪ್ಪುವುದಿಲ್ಲವೆಂದು ಅವರಿಗೆ ತೋರಿದ್ದರೆ ಅಚ್ಚರಿಯಿಲ್ಲ.

ಸಮಾಧಿಯಿಲ್ಲದ ಸಂತ

ವರ್ಷಗಟ್ಟಲೆ ಕಾಡು, ಮಳೆ, ಉಪವಾಸ, ನಡಿಗೆಗಳಿಂದ ದೇಹ ಜರ್ಜರವಾಗಿತ್ತು. 1710ರಲ್ಲಿ ಕಾಯಿಲೆ ಬಲವಾಯಿತು. ಕ್ಯಾಂಡಿಗೆ ಮರಳಿದ ಅವರು ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಸುತ್ತ ನೆರೆದ ಜೊತೆಗಾರರಿಗೆ ಕೊನೆಯ ಹಿತವಚನ ಹೇಳಿದರು. ಬದುಕಿನಲ್ಲಿ ಅಲಕ್ಷಿಸಿದ್ದನ್ನು ಸಾಯುವ ಹೊತ್ತಿನಲ್ಲಿ ಮಾಡುವುದು ಸುಲಭವಲ್ಲವೆಂಬುದು ಅದರ ತಾತ್ಪರ್ಯ. 1711ರ ಜನವರಿ 16ರಂದು, 59ನೆಯ ವಯಸ್ಸಿನಲ್ಲಿ, ಅವರ ಪ್ರಾಣಜ್ಯೋತಿ ಆರಿತು. ಒಂಟಿಯಾಗಿ ಕಾಲಿಟ್ಟ ದ್ವೀಪದಲ್ಲಿ ಅವರು ತೀರಿಕೊಂಡಾಗ ಸುಮಾರು 70,000 ಕೆಥೊಲಿಕರೂ, 15 ಇಗರ್ಜಿಗಳೂ, 400ರಷ್ಟು ಪುಟ್ಟ ಪ್ರಾರ್ಥನಾಲಯಗಳೂ ಇದ್ದವೆಂದು ಚರಿತ್ರಕಾರರು ಲೆಕ್ಕ ಹೇಳುತ್ತಾರೆ. 24 ವರ್ಷಗಳಲ್ಲಿ ಒಮ್ಮೆಯೂ ಅವರು ತಾಯ್ನಾಡಿಗೆ ಮರಳಿರಲಿಲ್ಲ.

ಅವರನ್ನು ಕ್ಯಾಂಡಿಯಲ್ಲಿಯೇ ಸಮಾಧಿ ಮಾಡಿದರು. ಕಾಲಾಂತರದಲ್ಲಿ ಆ ಇಗರ್ಜಿ ಅಳಿಯಿತು. ಸಮಾಧಿಯ ನಿಖರ ಸ್ಥಳ ಇಂದು ಯಾರಿಗೂ ತಿಳಿಯದು. ಪದವಿಯನ್ನು ಒಲ್ಲದವರಿಗೆ ಸ್ಮಾರಕವೂ ಉಳಿಯಲಿಲ್ಲ. ಉಳಿದದ್ದು ಅವರು ಕಟ್ಟಿದ ಜನ.

ಧರ್ಮಸಭೆಯ ಗಡಿಯಾರ ನಿಧಾನವಾಗಿ ನಡೆಯುತ್ತದೆ. 1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. 2015ರ ಜನವರಿ 14ರಂದು, ಅವರು ತೀರಿಕೊಂಡು 304 ವರ್ಷಗಳು ತುಂಬುವುದಕ್ಕೆ ಎರಡು ದಿನ ಮುಂಚೆ, ಜಗದ್ಗುರು ಫ್ರಾನ್ಸಿಸರು ಅದೇ ಕೊಲಂಬೊ ನಗರದ ಗಾಲ್ ಫೇಸ್ ಕಡಲ ತೀರದ ಬಯಲಿನಲ್ಲಿ ಲಕ್ಷಾಂತರ ಜನರ ಸಮ್ಮುಖದಲ್ಲಿ ಅವರನ್ನು ಸಂತರ ಶ್ರೇಣಿಗೆ ಸೇರಿಸಿದರು. ಶ್ರೀಲಂಕೆಗೆ ಅವರು ಮೊದಲ ಸಂತರು. ಜನವರಿ 16 ಅವರ ಹಬ್ಬದ ದಿನ. ಒಂದು ಕಾಲಕ್ಕೆ ಗುರುವನ್ನು ಅಡಗಿಸಿಡುವುದೇ ಅಪರಾಧವಾಗಿದ್ದ ನಗರದಲ್ಲಿ ಆ ಗುರುವಿನ ಹೆಸರನ್ನು ಹಾಡಿ ಹೊಗಳಿದರು.

ನಮ್ಮ ಮನೆಗಳಿಗೆ ಅವರ ಕೇಳಿಕೆ

ಈ ಬದುಕು ನಮ್ಮಿಂದ ಏನನ್ನು ಕೇಳುತ್ತದೆ? ಮೊದಲನೆಯದು, ಜಗಳದ ನಡುವೆ ಹಸಿದವರನ್ನು ನೋಡುವ ಕಣ್ಣು. ವಾಳೆಯಲ್ಲಿ, ಸಂಘದಲ್ಲಿ, ಇಗರ್ಜಿಯ ಮಂಡಳಿಯಲ್ಲಿ ಹಿರಿತನಕ್ಕಾಗಿ ಮನಸ್ತಾಪ ಬರುವಾಗ, ಈ ಜಗಳದಲ್ಲಿ ಯಾರ ಪಾಲಿನ ಅನ್ನ ತಪ್ಪುತ್ತಿದೆ ಎಂದು ಕೇಳಿಕೊಳ್ಳಲು ಅವರು ಕಲಿಸುತ್ತಾರೆ. ಎರಡನೆಯದು, ಮನೆಯ ಪ್ರಾರ್ಥನೆ. ಮೂವತ್ತು ವರ್ಷ ಗುರುವಿಲ್ಲದೆಯೂ ಜಾಫ್ನಾದ ಜನ ಕೊರಳಿನ ಜಪಸರವನ್ನು ಗುರುತು ಹಿಡಿದರು. ಅದು ಏನೆಂದು ಮನೆಯ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿಕೊಟ್ಟಿದ್ದರು. ಇಂದು ನಮ್ಮ ಊರುಗಳಲ್ಲಿ ಇಗರ್ಜಿ ಹತ್ತಿರವಿದೆ, ಗುರುಗಳಿದ್ದಾರೆ, ರಸ್ತೆಯಿದೆ, ವಾಹನವಿದೆ. ಸಂಜೆಯ ತೇರ್ಸ್ ಮಾತ್ರ ಎಷ್ಟು ಮನೆಗಳಲ್ಲಿ ಉಳಿದಿದೆ? ನಾಳೆ ಜಪಸರ ತೊಟ್ಟ ಅಪರಿಚಿತನೊಬ್ಬ ಬಾಗಿಲಿಗೆ ಬಂದರೆ ನಮ್ಮ ಮಕ್ಕಳು ಆ ಗುರುತನ್ನು ಅರಿಯುವರೇ?

ಮುಂದಿನ ಸಲ ಮುಡಿಪು ಗುಡ್ಡವನ್ನೇರುವಾಗ ನಮ್ಮ ಬೇಡಿಕೆಗಳ ಪಟ್ಟಿಯ ಜೊತೆಗೆ ಈ ಪ್ರಶ್ನೆಯನ್ನೂ ಒಯ್ಯೋಣ. ಬಂಡೆಯ ಮೇಲೆ ಮೊಣಕಾಲೂರಿದ ಆ ಗುರು ಅಂದು ತನಗಾಗಿ ಏನನ್ನೂ ಬೇಡಿರಲಿಕ್ಕಿಲ್ಲ. ನಾವೂ ಒಂದು ಕ್ಷಣ ಹಾಗೆ ಮೊಣಕಾಲೂರಿ, ಮನೆಯ ಆರಿದ ದೀಪವನ್ನು ಮತ್ತೆ ಹಚ್ಚುವ ಮನಸ್ಸನ್ನು ಬೇಡಿಕೊಂಡು ಬಂದರೆ, ಗುಡ್ಡವನ್ನೇರಿದ ಶ್ರಮ ಸಾರ್ಥಕವಾದೀತು.